ಮಾರ್ಕ್ಸ್ ನೋಡೋದಾ, ಮಾತು ನೋಡೋದಾ, ಕೆಲಸ ನೋಡೋದಾ?

ಟೇಬಲ್ ಮೇಲೆ ಎರಡು ರೆಸ್ಯೂಮೆ ಇದೆ ಅಂತ ಇಟ್ಕೊಳ್ಳಿ. ಒಂದ್ರಲ್ಲಿ ಸಿಜಿಪಿಎ 9.2, ಅದು ಬಿಟ್ರೆ ಹೆಚ್ಚಿಗೆ ಏನೂ ಬರೆದಿಲ್ಲ. ಇನ್ನೊಂದ್ರಲ್ಲಿ 6.9, ಆದ್ರೆ ಮೂರು ಪ್ರಾಜೆಕ್ಟ್ ಇದೆ, ಒಂದು ಇಂಟರ್ನ್‌ಶಿಪ್ ಇದೆ, ಫೋನಲ್ಲಿ ಮಾತಾಡ್ಸಿದ್ರೆ ಅರಳು ಹುರಿದ ಹಾಗೆ ಮಾತು. ಇರೋದು ಒಂದೇ ಪೋಸ್ಟ್. ಯಾರನ್ನ ತಗೊಳ್ತೀರಾ?

ಇದನ್ನ ಕೇಳಿದ ತಕ್ಷಣ ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಒಂದು ಪಾರ್ಟಿ "ಮಾರ್ಕ್ಸ್‌ಗೂ ಕೆಲಸಕ್ಕೂ ಏನ್ ಸಂಬಂಧ, ಬರೀ ಪುಸ್ತಕದ ಬದನೆಕಾಯಿ" ಅನ್ನತ್ತೆ, ಇನ್ನೊಂದು ಪಾರ್ಟಿ "ನಾಲ್ಕು ವರ್ಷ ನೆಟ್ಟಗೆ ಓದಕ್ಕಾಗದೇ ಇರೋನು ಆಫೀಸಲ್ಲಿ ಏನ್ ಕಡಿದು ಕಟ್ಟೆ ಹಾಕ್ತಾನೆ" ಅನ್ನತ್ತೆ. ನಾನು ಎರಡೂ ಕಡೆ ಇದ್ದು ಬಂದಿದೀನಿ, ಓದೋವಾಗ ಮೊದಲನೇ ಪಾರ್ಟಿ (ನನ್ನ ಮಾರ್ಕ್ಸ್ ಅಷ್ಟಕ್ಕಷ್ಟೆ ಇತ್ತು, ಕಾರಣ ಬೇರೆ ಬೇಕಾ), ಟೀಮ್‌ಗೆ ಜನ ತಗೊಳ್ಳೋ ಜವಾಬ್ದಾರಿ ತಲೆ ಮೇಲೆ ಬಿದ್ದಾಗ ಎರಡನೇ ಪಾರ್ಟಿ. ಆಮೇಲೆ ಇದರ ಮೇಲೆ ಆಗಿರೋ ಸಂಶೋಧನೆ ಓದ್ತಾ ಹೋದ ಹಾಗೆ ನಾವು ಪ್ರಶ್ನೇನೇ ಅರ್ಧಕ್ಕೆ ನಿಲ್ಲಿಸ್ತೀವಿ ಅನ್ನಿಸ್ತು. ಮಾರ್ಕ್ಸ್ ನಂಬಬಹುದಾ ಅಂತ ಕೇಳಿ ಸುಮ್ಮನಾಗ್ತೀವಿ, ಅದನ್ನ ಎತ್ತಿ ಪಕ್ಕಕ್ಕಿಟ್ಟ ಮೇಲೆ ಆ ಜಾಗಕ್ಕೆ ಏನ್ ತಂದು ಕೂರಿಸ್ತೀರಾ ಅಂತ ಯಾರೂ ಕೇಳಲ್ಲ. ಈ ಬರಹ ಪೂರ್ತಿ ಅದರ ಬಗ್ಗೆನೇ, ಮೊದಲು ಜನ ತಗೊಳ್ಳೋರಿಗೆ, ಕೊನೆಗೆ ಓದ್ತಾ ಇರೋರಿಗೆ.

ಮಾರ್ಕ್ಸ್ ನಿಜವಾಗ್ಲೂ ಎಷ್ಟು ಹೇಳತ್ತೆ

1996ರಲ್ಲಿ ಫಿಲಿಪ್ ರಾತ್ ಅನ್ನೋ ಸಂಶೋಧಕ (ಅದೇ ಹೆಸರಿನ ಕಾದಂಬರಿಕಾರ ಬೇರೆ) ಮತ್ತೆ ಅವರ ಜೊತೆಗಾರರು ಅಲ್ಲಿವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿದ್ರು, ಕಾಲೇಜ್ ಮಾರ್ಕ್ಸ್‌ಗೂ ಆಮೇಲೆ ಕೆಲಸದಲ್ಲಿ ಬಾಸ್ ಕೊಡೋ ರೇಟಿಂಗ್‌ಗೂ ಎಷ್ಟು ನಂಟು ಅಂತ. ಬಂದ ಕೋರಿಲೇಷನ್ 0.16. ಸೊನ್ನೆ ಅಂದ್ರೆ ಸಂಬಂಧಾನೇ ಇಲ್ಲ, 1 ಅಂದ್ರೆ ಒಂದು ಗೊತ್ತಾದ್ರೆ ಇನ್ನೊಂದೂ ಪಕ್ಕಾ ಗೊತ್ತು, ಹಾಗಾಗಿ 0.16 ಕೇಳಕ್ಕೆ ಏನೂ ಇಲ್ಲ ಅನ್ಸತ್ತೆ. ನನಗೆ ಈ ತರ ದಶಮಾಂಶ ತಲೆಗೆ ಹೋಗಲ್ಲ, ಅದಕ್ಕೆ ಜೋಡಿ ಲೆಕ್ಕಕ್ಕೆ ಇಳಿಸ್ಕೋತೀನಿ. ಇಬ್ಬಿಬ್ಬರ 100 ಜೋಡಿ ತಗೊಳ್ಳಿ, ಪ್ರತಿ ಜೋಡೀಲೂ ಮಾರ್ಕ್ಸ್ ಜಾಸ್ತಿ ಇರೋರನ್ನೇ ಆರಿಸಿ. ಕಣ್ಮುಚ್ಚಿ ಆರಿಸಿದ್ರೆ 50 ಸಲ ಸರಿ ಹೋಗತ್ತೆ. 0.16ರ ಸಂಬಂಧ ಇದ್ರೆ ಸುಮಾರು 55 ಸಲ ಸರಿ ಹೋಗತ್ತೆ. ಅಷ್ಟೆ, 100ಕ್ಕೆ ಐದು ಜೋಡಿ ಲಾಭ.

ಆದ್ರೆ ಇದೂ ಪೂರ್ತಿ ನ್ಯಾಯ ಅಲ್ಲ. ಬಾಸ್ ಕೊಡೋ ರೇಟಿಂಗೇ ಒಂದು ಅಂದಾಜು, ಅದರ ಮೇಲೆ ಮಾರ್ಕ್ಸ್ ಕಮ್ಮಿ ಇದ್ದೋರು ಎಷ್ಟೋ ಜನ ಗೇಟ್ ಒಳಗೇ ಬಂದಿರಲ್ಲ, ಅವರು ಈ ಲೆಕ್ಕದಲ್ಲೇ ಇಲ್ಲ. ಇದನ್ನೆಲ್ಲ ಸರಿಪಡಿಸಿ ನೋಡಿದ್ರೆ ಸಂಖ್ಯೆ 0.3ರ ಆಸುಪಾಸಿಗೆ ಏರತ್ತೆ ಅಂತ ಅದೇ ಅಧ್ಯಯನ ಹೇಳತ್ತೆ, ಅಂದ್ರೆ 100 ಜೋಡೀಲಿ 60. "ಓದು ಒಕ್ಕಾಲು ಬುದ್ಧಿ ಮುಕ್ಕಾಲು" ಅಂತ ಗಾದೆ ಇದ್ಯಲ್ಲ, ಅದು ಓದಿಗೆ 25 ಪರ್ಸೆಂಟ್ ಕೊಟ್ಟಿದೆ, ಲೆಕ್ಕದವರು ಅಷ್ಟೂ ಕೊಡಲ್ಲ, 0.3 ಅಂದ್ರೂ ಜನರ ಕೆಲಸದಲ್ಲಿ ಕಾಣೋ ಏರುಪೇರಲ್ಲಿ 9 ಪರ್ಸೆಂಟ್ ಮಾತ್ರ ಮಾರ್ಕ್ಸ್ ಲೆಕ್ಕಕ್ಕೆ ಬರತ್ತೆ.

ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಡಿಗ್ರಿ ಮುಗಿಸಿ ಒಂದು ವರ್ಷ ಆದೋರಲ್ಲಿ ಸಂಬಂಧ 0.23, ಎರಡರಿಂದ ಐದು ವರ್ಷದವರಲ್ಲಿ 0.15, ಆರು ವರ್ಷ ದಾಟಿದ ಮೇಲೆ 0.05. ಜೋಡಿ ಲೆಕ್ಕದಲ್ಲಿ 57, 55, 52. ಮಾರ್ಕ್ಸ್‌ಗೂ ಎಕ್ಸ್‌ಪೈರಿ ಡೇಟ್ ಇದೆ ಅಂತಾಯ್ತು, ಔಷಧಿ ಸ್ಟ್ರಿಪ್ ಮೇಲೆ ಇರೋ ಹಾಗೆ. ಹತ್ತು ವರ್ಷ ಅನುಭವ ಇರೋರಿಗೆ "ನಿಮ್ಮ ಡಿಗ್ರಿ ಪರ್ಸೆಂಟೇಜ್ ಎಷ್ಟು" ಅಂತ ಫಾರಮ್‌ನಲ್ಲಿ ಕೇಳೋ ಕಂಪನಿಗಳನ್ನ ಕಂಡ್ರೆ ನನಗೆ ಅದಕ್ಕೇ ನಗು ಬರೋದು.

ಆ ನಂಬರ್ ಒಳಗೆ ಏನಿರತ್ತೆ

ಮಾರ್ಕ್ಸ್ ಅಂದ್ರೆ ತಲೆ ಎಷ್ಟು ಚುರುಕು ಅನ್ನೋದರ ಅಳತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅದಷ್ಟೇ ಇಲ್ಲ ಅದ್ರಲ್ಲಿ. ಅರ್ಥಶಾಸ್ತ್ರದಲ್ಲಿ ನೊಬೆಲ್ ಬಂದಿರೋ ಜೇಮ್ಸ್ ಹೆಕ್ಮನ್ ಮತ್ತೆ ಜೊತೆಗಾರರು 2016ರಲ್ಲಿ ತೋರಿಸಿದ್ದು ಏನಂದ್ರೆ ಗ್ರೇಡ್‌ಗಳಲ್ಲಿ ಐಕ್ಯೂಗಿಂತ ಜಾಸ್ತಿ ಕಾಣೋದು ವ್ಯಕ್ತಿಯ ಸ್ವಭಾವ ಅಂತ. ಹೇಳಿದ ಟೈಮಿಗೆ ಅಸೈನ್‌ಮೆಂಟ್ ಕೊಡೋದು, ಇಷ್ಟ ಇಲ್ಲದ ಸಬ್ಜೆಕ್ಟ್‌ನೂ ಕೂತು ಓದೋದು, ಕ್ಲಾಸಿಗೆ ತಪ್ಪದೆ ಹೋಗೋದು, ಇದನ್ನೆಲ್ಲ ಆ ಒಂದು ಸಂಖ್ಯೆ ನುಂಗಿಕೊಂಡಿರತ್ತೆ. ಅದೂ ನಾಲ್ಕು ಗಂಟೆದು ಅಲ್ಲ ಮೂರು ನಾಲ್ಕು ವರ್ಷದ್ದು, ಹತ್ತಾರು ಮೇಷ್ಟ್ರು ಬೇರೆ ಬೇರೆ ದಿನ ಕೊಟ್ಟಿರೋದು, ಅಷ್ಟು ಉದ್ದದ ದಾಖಲೆ ಒಬ್ಬ ಫ್ರೆಶರ್ ಬಗ್ಗೆ ನಿಮಗೆ ಬೇರೆ ಎಲ್ಲೂ ಸಿಗಲ್ಲ. "ಮಾರ್ಕ್ಸ್ ವೇಸ್ಟ್" ಅನ್ನೋ ಮೊದಲು ಇದನ್ನ ಒಂದ್ಸಲ ಯೋಚಿಸಿ.

ಇನ್ನು ಅದ್ರಲ್ಲಿ ಇಲ್ಲದೇ ಇರೋದು. ಪರೀಕ್ಷೇಲಿ ಪ್ರಶ್ನೆ ಬೇರೆಯವರು ಬರೆದು ಕೊಟ್ಟಿರ್ತಾರೆ, ಸಿಲೆಬಸ್ ಮೊದಲೇ ಗೊತ್ತು, ಉತ್ತರ ಒಂದು ಕಡೆ ಇದ್ದೇ ಇದೆ, ಪಕ್ಕದವರನ್ನ ಕೇಳಿದ್ರೆ ಡಿಬಾರ್. ಆಫೀಸಲ್ಲಿ ಪ್ರಶ್ನೆ ಏನು ಅಂತ ಹುಡುಕೋದೇ ಅರ್ಧ ಕೆಲಸ, ಪಕ್ಕದವರನ್ನ ಕೇಳದೇ ಎರಡು ದಿನ ಒದ್ದಾಡಿದ್ರೆ ಬೈಸಿಕೊಳ್ತೀರಾ. ನನ್ನ ಟೀಮಲ್ಲಿದ್ದ ಒಬ್ಬ ರ‍್ಯಾಂಕ್ ಹುಡುಗ ಮೊದಲ ಆರು ತಿಂಗಳು ಯಾರನ್ನೂ ಏನೂ ಕೇಳ್ತಾನೇ ಇರ್ಲಿಲ್ಲ, ಕೇಳಿದ್ರೆ ತನಗೆ ಬರಲ್ಲ ಅಂತ ಗೊತ್ತಾಗತ್ತೆ ಅನ್ನೋ ಭಯ. ಆ ಭಯ ಬಿಟ್ಟ ಮೇಲೆ ಹುಡುಗ ಬೇರೆ ಲೆವೆಲ್, ಅದು ಬೇರೆ ಮಾತು.

ಗೂಗಲ್ ಹೇಳ್ತು ಅನ್ನೋ ಮಾತು

ಈ ಚರ್ಚೆ ಎಲ್ಲಿ ಬಂದ್ರೂ ಯಾರಾದ್ರೂ ಒಬ್ರು ಗೂಗಲ್ ಹೆಸರು ಎಳ್ಕೊಂಡು ಬರ್ತಾರೆ. ಅದು ಸುಳ್ಳಲ್ಲ. ಅಲ್ಲಿ ಎಚ್‌ಆರ್ ವಿಭಾಗ ನೋಡ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ರು, ಜನ ತಗೊಳ್ಳೋಕೆ ಜಿಪಿಎ ಏನೂ ಪ್ರಯೋಜನ ಇಲ್ಲ ಅಂತ. ಜನ ಅಲ್ಲಿಗೆ ನಿಲ್ಲಿಸಿ ಫಾರ್ವರ್ಡ್ ಮಾಡ್ತಾರೆ. ಆಗತಾನೇ ಕಾಲೇಜ್ ಮುಗಿಸಿ ಬಂದೋರ ವಿಷಯದಲ್ಲಿ ಸ್ವಲ್ಪ ಸಂಬಂಧ ಕಾಣತ್ತೆ, ಎರಡು ಮೂರು ವರ್ಷ ಆದ ಮೇಲೆ ಹೋಗ್ಬಿಡತ್ತೆ ಅಂತಾನೂ ಅವರೇ ಹೇಳಿದ್ರು, ಅದು ರಾತ್ ಅವರ ಲೆಕ್ಕಕ್ಕೆ ಸರಿಯಾಗಿ ಕೂರತ್ತೆ. ಇನ್ನೊಂದು, ಗೂಗಲ್ ಒಳಗೆ ಸೇರಿದವರೆಲ್ಲ ಮೊದಲೇ ಒಂದು ಜರಡಿ ದಾಟಿ ಬಂದವರು. ಜರಡಿ ಹಿಡಿದು ಒಂದೇ ಸೈಜಿನ ಕಾಳು ಉಳಿಸ್ಕೊಂಡು, ಆಮೇಲೆ ಸೈಜಿಂದ ಏನೂ ಗೊತ್ತಾಗ್ತಿಲ್ಲ ಅಂದ್ರೆ ಹೆಂಗೆ? ಎಲ್ಲ ಕಡೆಯಿಂದ ಎಲ್ಲ ತರದವರೂ ಅರ್ಜಿ ಹಾಕೋ ಚಿಕ್ಕ ಕಂಪನಿಗೆ ಆ ಮಾತು ಹಾಗೇ ತಂದು ಅಂಟಿಸ್ಬೇಡಿ.

ಮಾರ್ಕ್ಸ್ ಜಾಗಕ್ಕೆ ಏನ್ ಬರತ್ತೆ

ಮಾರ್ಕ್ಸ್ ನೋಡಲ್ಲ ಅನ್ನೋರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ ಎದುರು ಕೂರಿಸ್ಕೊಂಡು ಅರ್ಧ ಗಂಟೆ ಮಾತಾಡ್ತಾರೆ. "ನಿಮ್ಮ ಬಗ್ಗೆ ಹೇಳಿ", ಅಲ್ಲಿಂದ ಮಾತು ಎಲ್ಲೆಲ್ಲಿಗೋ, ಕೊನೆಗೆ "ನಂಗೆ ಒಂದು ಫೀಲ್ ಬಂತು" ಅಂತ ಆಫರ್ ಲೆಟರ್. ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತ ಗಾದೆ, ಈ ತರ ಇಂಟರ್ವ್ಯೂಲಂತೂ ಅವನು ಬದುಕೋದು ಗ್ಯಾರಂಟಿ.

ಇದರ ಮೇಲೆ ಜೇಸನ್ ಡಾನಾ, ರಾಬಿನ್ ಡಾಸ್ ಮತ್ತೆ ಇನ್ನೊಬ್ರು ಮಾಡಿದ ಪ್ರಯೋಗ 2013ರಲ್ಲಿ ಬಂತು, ನಂಗೆ ಬಲು ಇಷ್ಟ ಅದು. ವಿದ್ಯಾರ್ಥಿಗಳಿಗೆ ಬೇರೆ ವಿದ್ಯಾರ್ಥಿಗಳ ಹಳೇ ಮಾರ್ಕ್ಸ್ ಕೊಟ್ಟು ಮುಂದಿನ ಸೆಮಿಸ್ಟರ್ ಮಾರ್ಕ್ಸ್ ಊಹಿಸಿ ಅಂದ್ರು. ಕೆಲವರ ವಿಷಯದಲ್ಲಿ ಮುಖಾಮುಖಿ ಇಂಟರ್ವ್ಯೂ ಮಾಡೋಕೂ ಬಿಟ್ರು. ಇಂಟರ್ವ್ಯೂ ಮಾಡಿದವರ ಬಗ್ಗೆ ಊಹೆ ಇನ್ನೂ ಕೆಟ್ಟದಾಯ್ತು, ಮುಖಾನೇ ನೋಡದವರ ಬಗ್ಗೆ ಮಾಡಿದ ಊಹೇನೇ ವಾಸಿ. ಅದಕ್ಕಿಂತ ಮಜಾ ಏನಂದ್ರೆ ಕೆಲವು ಇಂಟರ್ವ್ಯೂಗಳಲ್ಲಿ ಎದುರು ಕೂತವರಿಗೆ ಒಂದು ಗುಟ್ಟಿನ ನಿಯಮ ಹೇಳಿಕೊಟ್ಟಿದ್ರು, ಪ್ರಶ್ನೆಗೆ ಹೌದು ಅನ್ಬೇಕಾ ಇಲ್ಲ ಅನ್ಬೇಕಾ ಅನ್ನೋದು ಬರೀ ಅಡ್ಡಾದಿಡ್ಡಿ, ಸತ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಪ್ರಶ್ನೆ ಕೇಳ್ತಿದ್ದವರಿಗೆ ಅನುಮಾನಾನೇ ಬರ್ಲಿಲ್ಲ, ಎದುರಿಗಿರೋರು ಚೆನ್ನಾಗಿ ಅರ್ಥ ಆದ್ರು ಅಂತಾನೇ ಅಂದ್ಕೊಂಡ್ರು. ನಮ್ಮ ತಲೆ ಅಷ್ಟು ಸಲೀಸಾಗಿ ಕಥೆ ಹೆಣೆದುಬಿಡತ್ತೆ.

ಹಾಗಾದ್ರೆ ಯಾವುದು ವಾಸಿ? ಇದಕ್ಕೆ ಎರಡು ದೊಡ್ಡ ಪಟ್ಟಿ ಇದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷದ ಸಂಶೋಧನೆ ಒಟ್ಟುಗೂಡಿಸಿ 19 ವಿಧಾನಗಳನ್ನ ಹೋಲಿಸಿದ್ರು, ಕೆಲಸದ ಸ್ಯಾಂಪಲ್ ಕೊಟ್ಟು ನೋಡೋದು ಮತ್ತೆ ಬುದ್ಧಿಮತ್ತೆ ಟೆಸ್ಟು ಮೇಲೆ ಬಂತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತೆ ತಂಡ ಬಂದು, ಹಳೇ ಲೆಕ್ಕದಲ್ಲಿ ಸರಿಪಡಿಸೋ ಹೆಸರಲ್ಲಿ ಸಂಖ್ಯೆ ಉಬ್ಬಿಸಿಬಿಟ್ಟಿದ್ರು ಅಂತ ತೋರಿಸಿ ಹೆಚ್ಚಿನವನ್ನ ಕೆಳಗಿಳಿಸಿದ್ರು. ಅವರ ಪಟ್ಟೀಲಿ ಮೊದಲ ಸ್ಥಾನ ಸ್ಟ್ರಕ್ಚರ್ಡ್ ಇಂಟರ್ವ್ಯೂಗೆ (ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕೋ ತರದ್ದು), 0.42. ಆಮೇಲೆ ಕೆಲಸಕ್ಕೆ ಬೇಕಾದ ವಿಷಯಜ್ಞಾನದ ಟೆಸ್ಟು 0.40, ಕೆಲಸದ ಸ್ಯಾಂಪಲ್ 0.33, ಬುದ್ಧಿಮತ್ತೆ ಟೆಸ್ಟು 0.31. ಮಾತುಕತೆ ತರದ ಇಂಟರ್ವ್ಯೂ 0.19. ಎಷ್ಟು ವರ್ಷ ಅನುಭವ ಅನ್ನೋದು 0.07! ಜೋಡಿಗೆ ಇಳಿಸಿದ್ರೆ ಸ್ಟ್ರಕ್ಚರ್ಡ್ ಇಂಟರ್ವ್ಯೂ 100ಕ್ಕೆ 64, ಹರಟೆ ಇಂಟರ್ವ್ಯೂ 56, ವರ್ಷಗಳ ಲೆಕ್ಕ 52. ಇವು ಸರಿಪಡಿಸಿದ ಮೇಲಿನ ಸಂಖ್ಯೆಗಳು, ಹಾಗಾಗಿ ಮಾರ್ಕ್ಸ್‌ನ ಹಸಿ 0.16ರ ಪಕ್ಕ ಇಟ್ಟು ನೋಡಿದ್ರೆ ಮೋಸ ಆಗತ್ತೆ. ಆದ್ರೂ ಅಂದಾಜು ಸಿಗತ್ತೆ: ಹೊಸಬರ ಮಟ್ಟಿಗೆ ಮಾರ್ಕ್ಸ್ ಹರಟೆ ಇಂಟರ್ವ್ಯೂಗಿಂತ ಕಮ್ಮಿ ಏನಿಲ್ಲ, ನಾನಂತೂ ಅದಕ್ಕಿಂತ ಮೇಲೇ ಇಡ್ತೀನಿ.

ಸ್ಟ್ರಕ್ಚರ್ಡ್ ಅಂದ್ರೆ ಏನೋ ದೊಡ್ಡದಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮದಲ್ಲಿ, ಒಳ್ಳೆ ಉತ್ತರ ಅಂದ್ರೆ ಏನು ಅಂತ ಮೊದಲೇ ಬರೆದಿಟ್ಕೊಂಡು, ಪ್ರತಿ ಉತ್ತರಕ್ಕೆ ಅಲ್ಲೇ ಅಂಕ ಹಾಕೋದು, ಇಬ್ರು ಇದ್ರೆ ಒಬ್ಬರ ಅಂಕ ಇನ್ನೊಬ್ರಿಗೆ ತೋರಿಸದೇ ಇರೋದು. ಬೇಜಾರಿನ ಕೆಲಸ, ಒಪ್ಪೋಣ. ನಾನು ಮೊದಲ ಸಲ ಹಿಂಗೆ ಮಾಡಿದಾಗ ಮೂರನೇ ಕ್ಯಾಂಡಿಡೇಟ್ ಹೊತ್ತಿಗೆ ನನಗೇ ಆಕಳಿಕೆ. ಆದ್ರೆ ಸಂಜೆ ಶೀಟ್ ತೆಗೆದು ನೋಡಿದಾಗ ನನಗೆ ತುಂಬಾ ಇಷ್ಟ ಆಗಿದ್ದ ಹುಡುಗಿ ನಾಲ್ಕನೇ ಸ್ಥಾನದಲ್ಲಿದ್ಲು, ಯಾಕೆ ಇಷ್ಟ ಆಯ್ತು ಅಂತ ನೆನೆಸ್ಕೊಂಡ್ರೆ ನಾನು ಓದಿದ ಸಬ್ಜೆಕ್ಟೇ ಅವಳೂ ಓದಿದ್ಲು, ಅಷ್ಟೇ.

ಕೆಲಸದ ಸ್ಯಾಂಪಲ್ ಅಂದ್ರೆ ನಿಜವಾದ ಕೆಲಸದ ಚಿಕ್ಕ ತುಂಡು ಕೊಟ್ಟು ಮಾಡಿಸಿ ನೋಡೋದು. ಅಕೌಂಟ್ಸ್‌ನವರಿಗೆ ತಪ್ಪಿರೋ ಒಂದು ಶೀಟ್ ಕೊಡಿ, ಬರೆಯೋರಿಗೆ ಒಂದು ಪುಟ ತಿದ್ದಕ್ಕೆ ಕೊಡಿ, ಪ್ರೋಗ್ರಾಮರ್‌ಗೆ ಓಡದೇ ಇರೋ ಕೋಡ್ ಕೊಡಿ. ಒಂದೂವರೆ ಗಂಟೆ ಮೀರ್ಬಾರದು. ಮೂರು ದಿನದ ಅಸೈನ್‌ಮೆಂಟ್ ಕೊಟ್ಟು ಬಿಟ್ಟಿ ಕೆಲಸ ಮಾಡಿಸ್ಕೊಳ್ಳೋರೂ ಇದಾರೆ, ಒಳ್ಳೆಯವರು ಅದನ್ನ ನೋಡೇ ಓಡಿ ಹೋಗ್ತಾರೆ.

ಕಾಲೇಜ್ ಹೆಸರು? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಅಮೆರಿಕದ ವಿದ್ಯಾರ್ಥಿಗಳನ್ನ ನೋಡಿದ್ರು, ದೊಡ್ಡ ಹೆಸರಿನ ಕಾಲೇಜಲ್ಲಿ ಸೀಟು ಸಿಕ್ಕಿದ್ರೂ ಬೇರೆ ಕಡೆ ಸೇರಿದವರು ಮುಂದೆ ಹೆಚ್ಚುಕಮ್ಮಿ ಅಷ್ಟೇ ಸಂಪಾದಿಸಿದ್ರು, ಬಡ ಮನೆಯಿಂದ ಬಂದವರಿಗೆ ಮಾತ್ರ ಆ ಕಾಲೇಜಿಂದ ಲಾಭ ಕಾಣಿಸ್ತು. ಅಂದ್ರೆ ಹೆಚ್ಚಿನವರ ವಿಷಯದಲ್ಲಿ ಕಸುವು ಇರೋದು ಸೇರ್ಕೊಂಡಿರೋರಲ್ಲಿ, ಬೋರ್ಡಲ್ಲಿ ಅಲ್ಲ.

ಯಾವಾಗ ಯಾವುದು

ನೀವು ಫ್ರೆಶರ್‌ಗಳನ್ನ ತಗೊಳ್ತಿದೀರಾ, ಅರ್ಜಿ ನೂರಾರು ಬಂದಿದೆ, ಎಲ್ಲರನ್ನೂ ಕೂರಿಸಿ ಮಾತಾಡ್ಸೋಕೆ ಆಗಲ್ಲ, ಆಗ ಮಾರ್ಕ್ಸ್ ನೋಡಿ, ತಪ್ಪಿಲ್ಲ. ಕಟ್‌ಆಫ್ ತರ ಮಾತ್ರ ಬೇಡ. 7.0 ಇಟ್ರೆ 6.9 ಇರೋರು ಹೊರಗೆ, ಆ 0.1ಕ್ಕೆ ಏನೂ ಅರ್ಥ ಇಲ್ಲ. ಒಂದು ಕಾಲೇಜಿನ 9 ಇನ್ನೊಂದು ಕಾಲೇಜಿನ 7ಕ್ಕೆ ಸಮ ಇರಬಹುದು, ಕೆಲವು ಕಡೆ ಅಂಕ ಧಾರಾಳವಾಗಿ ಸುರೀತಾರೆ. ಅಮೆರಿಕದ ಕಾಲೇಜುಗಳಲ್ಲಿ ಕೊಡೋ ಗ್ರೇಡ್‌ಗಳಲ್ಲಿ 43 ಪರ್ಸೆಂಟ್ ಎ ಗ್ರೇಡೇ, 1960ಕ್ಕಿಂತ 28 ಪಾಯಿಂಟ್ ಜಾಸ್ತಿ ಅಂತ 2012ರ ಒಂದು ಅಧ್ಯಯನದಲ್ಲಿತ್ತು. ಎಲ್ಲರಿಗೂ ಎ ಬಂದ್ರೆ ಎ ನೋಡಿ ಏನ್ ಆರಿಸ್ತೀರಾ. ಅದೂ ಅಲ್ದೆ ಓದೋವಾಗ ರಾತ್ರಿ ಪಾಳಿ ಕೆಲಸ ಮಾಡಿ ಫೀಸ್ ಕಟ್ಟಿರೋರ 7 ಬೇರೆ, ಯಾವ ಚಿಂತೆನೂ ಇಲ್ಲದೆ ಓದಿದವರ 7 ಬೇರೆ. ಪ್ರಶ್ನೆ ಕೇಳಿದ್ರೆ ಗೊತ್ತಾಗತ್ತೆ, ಕಟ್‌ಆಫ್ ಪ್ರಶ್ನೆ ಕೇಳಲ್ಲ.

ದೊಡ್ಡವರೂ ಇದನ್ನ ಬಿಡ್ತಾ ಬಂದಿದಾರೆ. ಬ್ರಿಟನ್‌ನಲ್ಲಿ ಅರ್ನ್‌ಸ್ಟ್ ಅಂಡ್ ಯಂಗ್ 2015ರಲ್ಲಿ ಡಿಗ್ರಿ ಕ್ಲಾಸಿನ ಷರತ್ತು ತೆಗೆದು ತನ್ನದೇ ಟೆಸ್ಟುಗಳನ್ನ ಇಟ್ಕೊಳ್ತು, 2016ರಲ್ಲಿ ಅಲ್ಲಿನ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಡಿಗ್ರಿನೇ ಬೇಡ ಅಂತು. ಅವರ ಹತ್ರ ಟೆಸ್ಟು ಮಾಡೋಕೆ ದುಡ್ಡೂ ಜನಾನೂ ಇದೆ, ಅದನ್ನ ಮರೀಬೇಡಿ. ಮಾರ್ಕ್ಸ್ ತೆಗೆದು ಬದಲಿಗೆ ಏನೂ ಇಡದೇ ಇದ್ರೆ ಪರಿಚಯದವರ ಮಕ್ಕಳೇ ಒಳಗೆ ಬರೋದು.

ಕೆಲಸ ಯಾವುದು ಅನ್ನೋದೂ ಲೆಕ್ಕಕ್ಕೆ ಬರತ್ತೆ. ಓದಿದ್ದೇ ಕೆಲಸ ಆಗೋ ಕಡೆ, ಅಂದ್ರೆ ಮೊದಲ ವರ್ಷದ ಆಡಿಟ್, ಲ್ಯಾಬು, ಲೆಕ್ಕಾಚಾರದ ಇಂಜಿನಿಯರಿಂಗ್ ಇಂಥ ಕಡೆ, ನಾನು ಮಾರ್ಕ್ಸ್‌ಗೆ, ಅದೂ ಆಯಾ ಸಬ್ಜೆಕ್ಟಿನ ಮಾರ್ಕ್ಸ್‌ಗೆ, ಸ್ವಲ್ಪ ಜಾಸ್ತಿ ತೂಕ ಕೊಡ್ತೀನಿ. ಸೇಲ್ಸ್‌ಗೆ ಹತ್ತಿರ ಹತ್ತಿರ ಸೊನ್ನೆ. ಡಾಕ್ಟರ್‌ಗಳ ವಿಷಯ ನೋಡಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪರಿಶೀಲನೆ ಪ್ರಕಾರ ಹಿಂದಿನ ಓದಿನ ಸಾಧನೆ ಮೆಡಿಕಲ್ ಕಾಲೇಜಿನ ಒಳಗಿನ ಫಲಿತಾಂಶದ ಏರುಪೇರಲ್ಲಿ 23 ಪರ್ಸೆಂಟ್ ವಿವರಿಸತ್ತೆ, ಓದು ಮುಗಿಸಿದ ಮೇಲಿನ ಸಾಮರ್ಥ್ಯದಲ್ಲಿ ಬರೀ 6 ಪರ್ಸೆಂಟ್. ಮಾರ್ಕ್ಸ್ ಅತಿ ಚೆನ್ನಾಗಿ ಹೇಳೋದು ಮುಂದಿನ ಮಾರ್ಕ್ಸ್‌ನ.

ಎರಡು ಮೂರು ವರ್ಷ ಕೆಲಸ ಮಾಡಿ ಬಂದೋರಿಗೆ ಮಾರ್ಕ್ಸ್ ಕೇಳ್ಬೇಡಿ. ವರ್ಷ ಎಣಿಸಿಯೂ ಕೂರ್ಬೇಡಿ, ಆ 0.07 ನೆನಪಿರಲಿ. ಆ ವರ್ಷಗಳಲ್ಲಿ ಏನ್ ಮಾಡಿದ್ರಿ, ಏನ್ ಕೆಟ್ಟು ಹೋಯ್ತು, ಹೆಂಗೆ ಸರಿ ಮಾಡಿದ್ರಿ ಅಂತ ಎಲ್ಲರಿಗೂ ಒಂದೇ ತರ ಕೇಳಿ, ಜೊತೆಗೆ ಒಂದು ಸ್ಯಾಂಪಲ್ ಮಾಡಿಸಿ.

ಓದ್ತಾ ಇರೋರಿಗೆ

ನಿಮ್ಮ ಆಯ್ಕೆ ಬೇರೆ ತರದ್ದು. ವಾರದಲ್ಲಿ ಇರೋ ಗಂಟೆಗಳನ್ನ 8ರಿಂದ 9.5ಕ್ಕೆ ಏರೋಕೆ ಸುರೀಬೇಕಾ, ಇಲ್ಲ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಕಡೆ ತಿರುಗಿಸ್ಬೇಕಾ? ನನ್ನ ಅಭಿಪ್ರಾಯ ಹೇಳ್ತೀನಿ. ಮಾರ್ಕ್ಸ್ ಕಮ್ಮಿ ಇದ್ದು ಜರಡಿಯಲ್ಲೇ ಬಿದ್ದು ಹೋಗೋ ಮಟ್ಟದಲ್ಲಿದ್ರೆ, ಅಂದ್ರೆ ಬ್ಯಾಕ್ ಇದೆ, 6ರ ಕೆಳಗಿದೆ, ಆಗ ಮೊದಲು ಅದನ್ನೇ ಎತ್ತಿ, ಬೇರೆ ಮಾತು ಆಮೇಲೆ. ಎಷ್ಟು ಕಂಪನಿಗಳು ಜಿಪಿಎ ಬಿಡ್ತಾ ಇದ್ರೂ ಪೂರ್ತಿ ಬಿಟ್ಟಿಲ್ಲ, ಅಮೆರಿಕದಲ್ಲಿ ಕಾಲೇಜ್‌ಗಳು ಮತ್ತೆ ಉದ್ಯೋಗದಾತರ ಸಂಘ ನೇಸ್ (NACE) ನಡೆಸೋ ಸರ್ವೇಲಿ ಜಿಪಿಎ ನೋಡಿ ಸೋಸ್ತೀವಿ ಅಂದವರು 2019ರಲ್ಲಿ 73 ಪರ್ಸೆಂಟ್ ಇದ್ದಿದ್ದು 2023ಕ್ಕೆ 37ಕ್ಕೆ ಇಳೀತು, ಅಂದ್ರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಇನ್ನೂ ನೋಡ್ತಾರೆ ಅಂತಾಯ್ತು. ಮಾಸ್ಟರ್ಸ್ ಮಾಡ್ಬೇಕು, ಪಿಎಚ್‌ಡಿ ಮಾಡ್ಬೇಕು ಅನ್ನೋರೂ ಮಾರ್ಕ್ಸ್ ಬಿಡೋ ಹಾಗಿಲ್ಲ, ಆ ಬಾಗಿಲಿಗೆ ಅದೇ ಬೀಗದ ಕೈ.

ಆದ್ರೆ 8 ದಾಟಿದ ಮೇಲೆ, ಕೆಲಸಕ್ಕೆ ಸೇರೋ ಪ್ಲಾನ್ ಇದ್ರೆ, ಆ ಕೊನೇ ಒಂದೂವರೆ ಪಾಯಿಂಟಿಗೆ ಕೊಡೋ ಗಂಟೆಗಳು ದುಬಾರಿ. ಆ ಹೊತ್ತಲ್ಲಿ ಯಾರಿಗಾದ್ರೂ ನಿಜವಾಗಿ ಬೇಕಾಗಿರೋ ಒಂದು ಕೆಲಸ ಮುಗಿಸಿ ಕೊಡಿ, ಚಿಕ್ಕದಾದ್ರೂ ಪರವಾಗಿಲ್ಲ, ಮುಗಿದಿರ್ಬೇಕು ಅಷ್ಟೇ. ಅರ್ಧಕ್ಕೆ ಬಿಟ್ಟ ಐದು ಪ್ರಾಜೆಕ್ಟ್ ರೆಸ್ಯೂಮೆಲಿ ನೋಡಿ ನೋಡಿ ಸಾಕಾಗಿದೆ ನಂಗೆ.

ಟಾಪರ್‌ಗಳು ಮುಂದೆ ಏನಾಗ್ತಾರೆ ಅನ್ನೋದಕ್ಕೂ ಒಂದು ಅಧ್ಯಯನ ಇದೆ. ಕರೆನ್ ಆರ್ನಾಲ್ಡ್ ಅನ್ನೋರು ಅಮೆರಿಕದ ಇಲಿನಾಯ್‌ನಲ್ಲಿ 1981ರಲ್ಲಿ ಹೈಸ್ಕೂಲ್ ಮುಗಿಸಿದ 81 ಟಾಪರ್‌ಗಳ ಬದುಕನ್ನ ವರ್ಷಗಟ್ಟಲೆ ಹಿಂಬಾಲಿಸಿದ್ರು. ಹೆಚ್ಚಿನವರು ಒಳ್ಳೆ ಕೆಲಸ, ನೆಮ್ಮದಿ ಬದುಕು ಅಂತ ಚೆನ್ನಾಗೇ ನೆಲೆ ನಿಂತ್ರು, ಇದ್ದ ವ್ಯವಸ್ಥೇನೇ ಬದಲಾಯಿಸೋ ತರದವರು ಅವರಲ್ಲಿ ಅಪರೂಪ. ಇದನ್ನ ಓದಿ "ನೋಡಿ ಟಾಪರ್‌ಗಳು ಏನೂ ಆಗಲ್ಲ" ಅನ್ನೋರಿದಾರೆ. ನೆಮ್ಮದಿಯ ಒಳ್ಳೆ ಕೆಲಸ ಯಾವಾಗಿಂದ "ಏನೂ ಅಲ್ಲ" ಆಯ್ತೋ ನಂಗೊತ್ತಿಲ್ಲ.

ಅದೃಷ್ಟದ ಪಾಲೂ ಇದೆ, ಅದನ್ನ ಯಾರೂ ಮಾರ್ಕ್ಸ್ ಕಾರ್ಡಲ್ಲಿ ಹಾಕಲ್ಲ. ಕೆನಡಾದಲ್ಲಿ ನೋಡಿರೋ ಪ್ರಕಾರ ಆರ್ಥಿಕ ಹಿಂಜರಿತ ಇರೋವಾಗ ಡಿಗ್ರಿ ಮುಗಿಸಿದವರ ಸಂಪಾದನೆ ಶುರುವಲ್ಲಿ ಸುಮಾರು 9 ಪರ್ಸೆಂಟ್ ಕಮ್ಮಿ ಇರತ್ತೆ, ಅದು ಸಮ ಆಗೋಕೆ ಹತ್ತು ವರ್ಷ ಹಿಡಿಯತ್ತೆ. ಅದೇ ಮಾರ್ಕ್ಸ್, ಅದೇ ತಲೆ, ಹುಟ್ಟಿದ ವರ್ಷ ಮಾತ್ರ ಬೇರೆ. ಪಕ್ಕದ ಬ್ಯಾಚಿನವರ ಸಂಬಳಕ್ಕೆ ನಿಮ್ಮದನ್ನ ಹೋಲಿಸೋವಾಗ ಇದು ತಲೇಲಿರಲಿ.

ಮೊದಲು ಹೇಳಿದ ಆ 9.2 ಮತ್ತು 6.9ರ ವಿಷಯಕ್ಕೆ ಬಂದ್ರೆ, ಬೇರೆ ಏನೂ ಗೊತ್ತಿಲ್ಲ, ಇವತ್ತೇ ಹೇಳ್ಬೇಕು ಅಂದ್ರೆ ನಾನು 9.2 ಅಂತೀನಿ, 100ಕ್ಕೆ 55 60 ಸಲ ಸರಿ ಇರ್ತೀನಿ. ಒಂದೂವರೆ ಗಂಟೆ ಟೈಮ್ ಇದೆ ಅಂದ್ರೆ ಇಬ್ಬರಿಗೂ ಅದೇ ಕೆಲಸ ಕೊಟ್ಟು, ಅದೇ ಆರು ಪ್ರಶ್ನೆ ಕೇಳಿ, ರೆಸ್ಯೂಮೆ ಮಡಚಿ ಪಕ್ಕಕ್ಕಿಡ್ತೀನಿ. ಇನ್ನು ನಿಮ್ಮ ರೆಸ್ಯೂಮೆಲಿ ಸಿಜಿಪಿಎ ಸಾಲು ಎಷ್ಟು ದಿನ ಇರ್ಬೇಕು ಅಂತ ಕೇಳಿದ್ರೆ, ಮೂರನೇ ವರ್ಷ ಮುಗಿಯೋ ಹೊತ್ತಿಗೆ ತೆಗೀರಿ, ಆ ಸಾಲಲ್ಲಿ ಹೋದ ವರ್ಷ ಮುಗಿಸಿದ ಒಂದು ಕೆಲಸ ಬರೀರಿ.